ಮುನ್ನೂರ ನಾಲ್ಕನೇ ಕೋಣೆಗೆ ಕೊಡಿ

ಬಸ್ ನಿಲ್ದಾಣದ ಎದುರಿನ ಲಾಡ್ಜಿನ ಹಿಂಭಾಗದಲ್ಲಿ, ನೀರಿನ ಟ್ಯಾಂಕಿಗೂ ಜನರೇಟರಿಗೂ ನಡುವೆ, ಒಂದು ಉದ್ದನೆಯ ಕೋಣೆಯಿದೆ. ಅದು ಇಸ್ತ್ರಿಯಕ್ಕನ ರಾಜ್ಯ. ಹೆತ್ತವರು ಇಟ್ಟ ಹೆಸರೊಂದು ಅವಳಿಗೆ ಇದ್ದೇ ಇತ್ತು. ಆ ಹೆಸರು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ಕಣ್ಣು ಮುಚ್ಚಿದ ಮೇಲೆ, ಲಾಡ್ಜಿನ ಮಾಲೀಕರಿಂದ ಹಿಡಿದು ಹಾಲು ಹಾಕುವವನವರೆಗೆ ಎಲ್ಲರಿಗೂ ಅವಳು ಇಸ್ತ್ರಿಯಕ್ಕನೇ.

ಓದು ಹೆಚ್ಚಿಲ್ಲ. ಕಿವಿ ಮಾತ್ರ ಬಹಳ ಸೂಕ್ಷ್ಮ. ಇಸ್ತ್ರಿ ಪೆಟ್ಟಿಗೆ ತಾಗಿದಾಗ ಬಟ್ಟೆ ಚುರ್ರೆಂದರೆ ಇನ್ನೂ ಹಸಿ, ಸುಮ್ಮನಿದ್ದರೆ ಒಣಗಿದೆ ಎಂದು ನೋಡದೆಯೇ ಹೇಳುವಳು. ಪಕ್ಕದ ಕೋಣೆಯಲ್ಲಿ ಒಗೆಯುವ ಯಂತ್ರ ನೋಡಿಕೊಳ್ಳುವವಳು ಅವಳ ನಾದಿನಿ. ಆ ಯಂತ್ರದ ಗುರುಗುಟ್ಟುವಿಕೆಯ ನಡುವೆಯೂ, ಯಾರು ಮೆಟ್ಟಿಲಿಳಿದು ಬರುತ್ತಿದ್ದಾರೆಂಬುದು ಇಸ್ತ್ರಿಯಕ್ಕನಿಗೆ ತಿಳಿಯುತ್ತಿತ್ತು. ಆ ಕಿವಿ ಈಗ ಕೆಲವು ವಾರಗಳಿಂದ ಒಂದೇ ಒಂದು ಸದ್ದಿಗಾಗಿ ಕಾಯುತ್ತಿತ್ತು. ಆ ಸದ್ದು ಬರುತ್ತಿರಲಿಲ್ಲ.

ಅವಳಿಗಿದ್ದವಳು ಒಬ್ಬಳೇ ಮಗಳು. ಗಂಡ ತೀರಿಕೊಂಡಾಗ ಮಗಳಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಇಸ್ತ್ರಿ ಮೇಜಿನ ಕೆಳಗೇ ಆಡಿ, ಅಲ್ಲೇ ಮಲಗಿ ಬೆಳೆದ ಹುಡುಗಿ. ಹಾಸಿಗೆಯ ಮೂಲೆಯಲ್ಲಿ ಚಾದರವನ್ನು ಲಕೋಟೆಯ ಹಾಗೆ ಮಡಚಿ ಒಳಸೇರಿಸುವುದನ್ನು ತಾಯಿಯ ಕೈ ನೋಡಿಯೇ ಕಲಿತಳು. ಹೊರದೇಶದ ಹೋಟೆಲುಗಳಿಗೆ ಕೆಲಸದವರನ್ನು ಕರೆದೊಯ್ಯುವವನೊಬ್ಬ ಈ ಲಾಡ್ಜಿನಲ್ಲೇ ಇಳಿದುಕೊಂಡಿದ್ದ. ಒಂದು ಹಾಸಿಗೆ ಹಾಸಿ ತೋರಿಸೆಂದ, ಅವಳು ಹಾಸಿದಳು. ಅವನು ಹಾಸಿಗೆಯ ಮೇಲೆ ಕೈಯಾಡಿಸಿ, "ಈ ಕೈಗೆ ಇಲ್ಲಿ ಬೆಲೆ ಇಲ್ಲಮ್ಮ" ಎಂದ. ಆ ಮಾತಿಗೆ ತಾಯಿ ಉಬ್ಬಿದ್ದೂ ನಿಜ. ಹೀಗೆ ಮಗಳು ಸ್ಪ್ಯಾನಿಶ್ ಮಾತಾಡುವ ದೇಶವೊಂದರ ಕಡಲತೀರದ ಹೋಟೆಲು ಸೇರಿದಳು.

ಭಾನುವಾರ ಭಾನುವಾರ ಫೋನು ಬರುತ್ತಿತ್ತು.

"ಮೂರನೇ ಮಹಡಿ ಇಡೀ ನಂದೇ ಕಣಮ್ಮ. ಮುನ್ನೂರ ನಾಲ್ಕನ್ನ ಕೊನೇಲಿ ಮಾಡ್ತೀನಿ. ಅದರ ಕಿಟಕೀಲಿ ಸಮುದ್ರ ಕಾಣತ್ತೆ. ಹಾಸಿಗೆ ಹಾಸಿ, ಯಾರೂ ಇಲ್ಲ ಅಂದ್ರೆ ಒಂದು ಗಳಿಗೆ ಕಿಟಕಿ ಹತ್ರ ನಿಂತ್ಕೋತೀನಿ. ಇಲ್ಲಿ ಹೊತ್ತು ನೆತ್ತಿಗೇರಿರತ್ತೆ. ನೀನು ಅಲ್ಲಿ ಸಂಜೆ ಚಹಾಕ್ಕೆ ಇಡ್ತಿರ್ತೀಯ."

"ಆ ಕೋಣೇಲಿ ಫೋನಿಲ್ವೇನೆ? ಅಲ್ಲಿಂದ್ಲೇ ಮಾಡು."

"ಅಯ್ಯೋ, ಅದರಿಂದ ಹೊರಗೆ ಹೋಗಲ್ಲ. ರಿಂಗಾದ್ರೂ ನಾವು ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ಮನೆಗೇ."

ಒಂದು ಸಲ ಬೆರಳುದ್ದದ ಸಾಬೂನು ಹಿಡಿದು ಪಟ ತೆಗೆದು ಕಳಿಸಿದ್ದಳು, "ಇಷ್ಟು ಸಾಬೂನಲ್ಲಿ ದೊಡ್ಡೋರು ಹೇಗೆ ಸ್ನಾನ ಮಾಡ್ತಾರೋ" ಎಂದು ನಗುತ್ತ. ಸಾಬೂನಿನ ಹೊದಿಕೆಯ ಮೇಲೆ ಹೋಟೆಲಿನ ಹೆಸರು, ಕೆಳಗೆ ಫೋನ್ ನಂಬರು.

ಆಮೇಲೆ ಒಂದು ಭಾನುವಾರ ಫೋನು ಬರಲಿಲ್ಲ. ಮರು ಭಾನುವಾರವೂ ಇಲ್ಲ. ಇವಳು ಮಾಡಿದರೆ ಮಗಳ ಫೋನು ಸತ್ತ ಹಾಗೆ ಬಿದ್ದಿತ್ತು. ಕರೆದೊಯ್ದವನದ್ದೂ ಅದೇ ಕಥೆ. ಅವನ ಆಫೀಸಿದ್ದ ಕಟ್ಟಡಕ್ಕೆ ಹೋಗಿ ನೋಡಿದಳು. ಅಲ್ಲಿ ಈಗ ಕನ್ನಡಕದ ಅಂಗಡಿ.

"ಹೊಸ ದೇಶ, ಹೊಸ ಗೆಳತಿಯರು" ಎಂದಳು ನಾದಿನಿ, ಒದ್ದೆ ಚಾದರ ಕೊಡವುತ್ತ. "ಭಾನುವಾರಕ್ಕೊಂದ್ಸಲ ಅಮ್ಮ ನೆನಪಾಗ್ಲೇಬೇಕು ಅಂತ ಕಾನೂನಿದೆಯಾ ಅತ್ತಿಗೆ?" ಹೀಗೆ ಹೇಳಿದವಳೇ ಮರುಗಳಿಗೆ ಬಿಳಿ ಬಟ್ಟೆಗಳ ಜೊತೆ ಕೆಂಪು ಪರದೆ ಹಾಕಿ ಯಂತ್ರ ತಿರುಗಿಸಿಬಿಟ್ಟಳು. ಆ ದಿನ ಲಾಡ್ಜಿನ ಚಾದರಗಳೆಲ್ಲ ಗುಲಾಬಿಯಾದವು.

ಇಸ್ತ್ರಿಯಕ್ಕ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅದು ಗುನುಗಿದಂತಾಗಿ ಮತ್ತೆ ಮತ್ತೆ ಮುಟ್ಟಿ ನೋಡುವಳು. ಕೈ ತಪ್ಪಿ ಎರಡು ದಿಂಬಿನ ಚೀಲ ಸುಟ್ಟಳು. ಅವಳು ಇಷ್ಟು ವರ್ಷಗಳಲ್ಲಿ ಒಂದು ದಾರವನ್ನೂ ಸುಟ್ಟವಳಲ್ಲ.

ಲಾಡ್ಜಿಗೆ ಆಗಾಗ ಬಂದಿಳಿಯುವ ಗೈಡೊಬ್ಬನಿದ್ದ. ಸ್ಪ್ಯಾನಿಶ್ ಮಾತಾಡುವ ಪ್ರವಾಸಿಗರನ್ನು ಕೊಡೆ ಎತ್ತಿ ಹಿಡಿದು ಊರೂರು ಸುತ್ತಿಸುವುದು ಅವನ ಕೆಲಸ. ಮೀಸೆಗೆ ಕಪ್ಪು ಬಳಿದು ತಲೆಯನ್ನು ಬಿಳಿಯಾಗಿಯೇ ಬಿಟ್ಟಿದ್ದರಿಂದ ನಾದಿನಿ ಅವನಿಗೆ ಅರ್ಧ ಅಜ್ಜ ಎಂದು ಹೆಸರಿಟ್ಟಿದ್ದಳು. ಅಂಗಿಗಳನ್ನು ಇಸ್ತ್ರಿಗೆ ತಂದವನಿಗೆ ಮಗಳ ಕಥೆಯನ್ನೆಲ್ಲ ಹೇಳಿ, ಇಸ್ತ್ರಿಯಕ್ಕ ಸಾಬೂನಿನ ಪಟ ಹಿಡಿದಳು.

ಗೈಡು ಅಲ್ಲೇ ನಿಂತು ಫೋನು ಮಾಡಿದ. ಗಳಗಳ ಮಾತಾಡಿದ. ಸ್ವಲ್ಪ ಹೊತ್ತಿಗೆ ಫೋನನ್ನು ಕಿವಿಯಿಂದ ತೆಗೆದು ಅದರ ಮುಖ ನೋಡಿದ.

"ಕೆಲಸದೋರ ವಿಷಯ ಹೇಳಲ್ವಂತೆ. ಇಟ್ಬಿಟ್ಳು."

ಇನ್ನೊಂದು ಸಲ ಮಾಡಿದ. ಅವನ ದನಿ ಕೇಳಿದ್ದೇ ಆ ಕಡೆಯವಳು ಕರೆ ತುಂಡರಿಸಿದಳು.

"ಕೆಲಸದೋರ ಮನೆಯವರು ಅಂದ್ರೆ ಅವರಿಗೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಅಕ್ಕ. ಗಿರಾಕಿ ಅಂದ್ರೆ ಮಾತ್ರ ಕಿವಿ ನೆಟ್ಟಗಾಗತ್ತೆ."

ಇಸ್ತ್ರಿಯಕ್ಕ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ಹಾಗಾದ್ರೆ ನಂಗೆ ಗಿರಾಕಿ ಮಾತು ಕಲಿಸಿಕೊಡಿ."

"ನಿಮಗಾ?"

"ನಿಮ್ಮ ದನಿ ಅವರಿಗೆ ಗುರುತು ಸಿಕ್ಕಿದೆ. ನಂದು ಸಿಕ್ಕಿಲ್ಲ. ಫೋನ್ ಮಾಡಿ, ಮುನ್ನೂರ ನಾಲ್ಕಕ್ಕೆ ಕೊಡಿ ಅಂದ್ರೆ ಕೊಡಲ್ವಾ? ನಮ್ಮ ಲಾಡ್ಜಲ್ಲಿ ಕೊಡ್ತಾರೆ."

"ಕೊಡ್ತಾರೆ. ಆದ್ರೆ ಅವಳು ಎತ್ತೋ ಹಾಗಿಲ್ಲ ಅಂತ ನೀವೇ ಹೇಳಿದ್ರಲ್ಲ."

"ಎತ್ತೋದು ಬಿಡೋದು ಅವಳಿಗೂ ನಂಗೂ ಬಿಟ್ಟದ್ದು. ಅಲ್ಲೀತನಕ ನೀವು ಮುಟ್ಟಿಸಿ ಸಾಕು."

ಗೈಡಿನ ಚೀಲದಲ್ಲಿ ಒಂದು ತೆಳ್ಳನೆಯ ಪುಸ್ತಕವಿತ್ತು. ಹೋಟೆಲಿನಲ್ಲಿ ಉಳಿಯುವವರು ಆಡಬೇಕಾದ ಸ್ಪ್ಯಾನಿಶ್ ಮಾತುಗಳು ಅದರ ಎರಡು ಪುಟ ತುಂಬಿದ್ದವು. ಅವನು ಓದಿದ, ಅವಳು ಚಾದರದ ಮೇಲೆ ಪೆಟ್ಟಿಗೆ ಓಡಿಸುತ್ತ ಹೇಳಿದಳು. ಒಂದು ಎಳೆತಕ್ಕೆ ಒಂದು ಮಾತು. 'ಬ್ವೆನೋಸ್ ದೀಯಾಸ್' ಎಂದರೆ ನಮಸ್ಕಾರ. 'ಅಬಿತಸಿಯೋನ್' ಎಂದರೆ ಕೋಣೆ. ಮುನ್ನೂರ ನಾಲ್ಕು ಎನ್ನಲು 'ತ್ರೆಸ್ಸಿಯೆಂತೋಸ್ ಕ್ವಾತ್ರೋ'. ಅದು ನಾಲಿಗೆಗೆ ಹೊಂದುವಷ್ಟರಲ್ಲಿ ಹತ್ತು ಚಾದರ ಮುಗಿದಿದ್ದವು.

"ಬಾಯಲ್ಲಿ ಕಲ್ಲು ಹಾಕ್ಕೊಂಡು ಮಾತಾಡ್ತೀರೇನ್ರಿ" ಎಂದಳು ನಾದಿನಿ ಬಾಗಿಲಲ್ಲಿ ನಿಂತು.

"ಇಷ್ಟು ಸಾಕು ಅಕ್ಕ" ಎಂದ ಗೈಡು.

"ಸಾಲದು. ಅವರೇನಾದ್ರೂ ತಿರುಗಿ ಕೇಳಿದ್ರೆ? ಎರಡೂ ಪುಟ ಹೇಳಿಕೊಡಿ."

ಹೀಗೆ ಅವಳು ಎಂದೂ ಕಾಲಿಡದ ಹೋಟೆಲಿನ ಗಿರಾಕಿಯಾದಳು. ದೀಪ ಕೆಟ್ಟಿದೆ ಎನ್ನಲು 'ನೋ ಫುನ್ಸಿಯೋನಾ'. ಒಡವೆ, ಕಾಗದಪತ್ರ ಇಡುವ ಕಬ್ಬಿಣದ ಪೆಟ್ಟಿಗೆಗೆ 'ಕಾಹಾ ಫುವೆರ್ತೆ'. ಕೋಣೆ ಬಿಟ್ಟು ಹೊರಡುತ್ತೇನೆ ಎನ್ನಲು 'ಕಿಯೆರೋ ದೆಹಾರ್ ಲಾ ಅಬಿತಸಿಯೋನ್'. ಸೆಖೆ, ಸೊಳ್ಳೆ, ಬಿಸಿನೀರು, ಗದ್ದಲದ ನೆರೆಕೋಣೆ ಎಲ್ಲಕ್ಕೂ ಅಲ್ಲಿ ಮಾತಿತ್ತು. ನನ್ನ ಮಗಳು ಬದುಕಿದ್ದಾಳಾ ಎಂದು ಕೇಳುವ ಮಾತು ಮಾತ್ರ ಆ ಎರಡು ಪುಟಗಳಲ್ಲಿ ಇರಲಿಲ್ಲ.

ಮರುದಿನ ಗೈಡು ಕೊಡೆ ಹಿಡಿದು ತನ್ನ ಗುಂಪಿನ ಹಿಂದೆ ಹೊರಟುಹೋದ. ಸಂಜೆ ಚಹಾದ ಹೊತ್ತಿಗೆ ಇಸ್ತ್ರಿಯಕ್ಕ ನಾದಿನಿಗೆ ಯಂತ್ರ ನಿಲ್ಲಿಸಲು ಹೇಳಿ ನಂಬರು ಒತ್ತಿದಳು. ಆ ಕಡೆ ಹೆಣ್ಣು ದನಿ. ಇವಳು ಕಲಿತದ್ದನ್ನು ಹೇಳಿದಳು. ಆ ದನಿ ಏನನ್ನೋ ಕೇಳಿತು. ಇವಳಿಗೆ ತಿಳಿಯಲಿಲ್ಲ. ಮತ್ತೆ, "ತ್ರೆಸ್ಸಿಯೆಂತೋಸ್ ಕ್ವಾತ್ರೋ, ಪೊರ್ ಫಾವೋರ್" ಎಂದಳು. ದಯವಿಟ್ಟು ಎನ್ನುವಾಗ ದನಿ ನಡುಗಿತು. ದಯವಿಟ್ಟು ಎಂಬ ಮಾತನ್ನು ಗಿರಾಕಿಗಳು ಹಾಗೆ ಹೇಳುವುದಿಲ್ಲ. ಆದರೂ ಆ ಕಡೆಯವಳು, "ಉನ್ ಮೊಮೆಂತೋ, ಸೆನ್ಯೋರಾ" ಎಂದಳು. ಒಂದು ಗಳಿಗೆ, ಅಮ್ಮಾ.

ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಎತ್ತಿದ್ದು ಗಂಡಸು, ನಿದ್ದೆಯಿಂದೆದ್ದ ದನಿ. ಇವಳು 'ಪೆರ್ದೋನ್' ಎಂದು ಕ್ಷಮೆ ಕೇಳಿ ಇಟ್ಟಳು.

ಮರುದಿನ ಯಾರೂ ಎತ್ತಲಿಲ್ಲ. ಖಾಲಿ ಕೋಣೆಯಲ್ಲಿ ಅದು ಬಡಿದುಕೊಂಡೇ ಇತ್ತು. ಮಗಳು ಅಲ್ಲಿ ಇಲ್ಲದ್ದಕ್ಕೋ, ಇದ್ದೂ ಮುಟ್ಟಲಾರದ್ದಕ್ಕೋ? ಇಸ್ತ್ರಿಯಕ್ಕ ಮತ್ತೆ ಪೆಟ್ಟಿಗೆ ಹಿಡಿದು ಚಾದರಕ್ಕೆ ಬಾಗಿದಳು.

"ಅತ್ತಿಗೆ, ಪೊಲೀಸಿಗೆ ಹೇಳೋಣ."

"ಹೇಳಿ ಆಯ್ತು. ಪ್ರಾಯದ ಹುಡುಗಿ, ಅವಳೇ ಒಪ್ಪಿ ಹೋಗಿದಾಳೆ, ಕಾಯಿರಿ ಅಂದ್ರು."

"ಅವಳಿಗೆ ಅದು ನೀವು ಅಂತ ಹೇಗೆ ಗೊತ್ತಾಗಬೇಕು? ಎಲ್ಲಾ ಫೋನೂ ಒಂದೇ ಥರ ಬಡ್ಕೊಳ್ಳತ್ತೆ."

ಇಸ್ತ್ರಿಯಕ್ಕ ತಲೆಯೆತ್ತಿ ನಾದಿನಿಯ ಮುಖವನ್ನೇ ನೋಡಿದಳು.

ಮಗಳು ಹೊರದೇಶಕ್ಕೆ ಹೋಗುವ ಮೊದಲು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮನೆಯ ತಿರುವಿನಲ್ಲಿ ಬೀದಿದೀಪವಿಲ್ಲ, ನಾಯಿಗಳ ಕಾಟ ಬೇರೆ. ಬಸ್ಸಿಳಿದವಳು ತಾಯಿಗೆ ಫೋನು ಮಾಡಿ ಎರಡು ರಿಂಗಿಗೆ ಕತ್ತರಿಸುವಳು. ಮತ್ತೆ ಮಾಡಿ ಒಂದು ರಿಂಗಿಗೆ ಕತ್ತರಿಸುವಳು. ಎರಡು, ಆಮೇಲೆ ಒಂದು. ಅಂದರೆ, ಬಂದಿದ್ದೀನಿ, ಟಾರ್ಚು ಹಿಡಿದು ಬಾ. ಎಷ್ಟೋ ವರ್ಷ ಹಾಗೆ ಕೂಗಿದವಳು ಮಗಳು, ಓಡಿದವಳು ತಾಯಿ.

ಮರುದಿನ ಅದೇ ಹೊತ್ತಿಗೆ ಮಾಡಿದಳು. ನಮಸ್ಕಾರ, ಮುನ್ನೂರ ನಾಲ್ಕು, ದಯವಿಟ್ಟು. ಎರಡು ರಿಂಗು, ಕತ್ತರಿಸಿದಳು. ಮತ್ತೆ ಮಾಡಿದಳು. ಆ ಕಡೆಯವಳು ನಿಟ್ಟುಸಿರಿಟ್ಟದ್ದು ಕೇಳಿಸಿತು, ಆದರೂ ಕೊಟ್ಟಳು. ಒಂದು ರಿಂಗು, ಕತ್ತರಿಸಿದಳು. ಮೂರನೆಯ ಸಲ 'ಪೆರ್ದೋನ್, ಸೆನ್ಯೋರಾ' ಎಂದು ಮೊದಲೇ ತಪ್ಪೊಪ್ಪಿಕೊಂಡು ಕೋಣೆ ಕೇಳಿದಳು. ಈ ಸಲ ಕತ್ತರಿಸದೆ ಹಿಡಿದುಕೊಂಡಳು. ಫೋನು ಬಡಿದುಕೊಂಡಿತು, ಬಡಿದುಕೊಂಡಿತು.

ಯಾರೋ ಎತ್ತಿದರು. ಮಾತಿಲ್ಲ, ಬರೀ ಉಸಿರು.

ಆ ಉಸಿರನ್ನು ಅವಳು ಜ್ವರದಲ್ಲಿ ಕೇಳಿದ್ದಳು, ನಿದ್ದೆಯಲ್ಲಿ ಕೇಳಿದ್ದಳು.

"ಪುಟ್ಟೀ."

"ಅಮ್ಮಾ" ಎಂದಿತು ಆ ಕಡೆ, ಕೇಳಿಸಿಯೂ ಕೇಳಿಸದ ಹಾಗೆ. ಅಷ್ಟರಲ್ಲಿ ಆ ಕೋಣೆಯಲ್ಲಿ ಎತ್ತರ ಹಿಮ್ಮಡಿಯ ಚಪ್ಪಲಿಯ ಟಕ್ ಟಕ್ ಸದ್ದಾಯಿತು. ಬಾಗಿಲು ಕಿರುಗುಟ್ಟಿತು. ಇನ್ನೊಂದು ಹೆಂಗಸಿನ ದನಿ ಗಡುಸಾಗಿ ಏನೋ ಕೇಳಿತು. ಮಗಳ ದನಿ ಒಮ್ಮೆಲೇ ಬದಲಾಯಿತು. "ಸಿ, ಸೆನ್ಯೋರಾ. ದೀಗಾಮೆ, ಸೆನ್ಯೋರಾ." ಗಿರಾಕಿಯೊಬ್ಬಳ ಜೊತೆ ಆಡುವ ಮಾತು. ಹೌದಮ್ಮಾ, ಹೇಳಿ ಅಮ್ಮಾ.

ಇಸ್ತ್ರಿಯಕ್ಕನಿಗೆ ಅರ್ಥವಾಯಿತು. ಮಗಳು ಮನೆಮಾತು ಆಡುವಂತಿಲ್ಲ. ತಾನು ಆಡಬಹುದು.

"ಪಕ್ಕದಲ್ಲಿ ಯಾರೋ ನಿಂತಿದಾರೆ, ಅಲ್ವಾ?"

"ಸಿ, ಸೆನ್ಯೋರಾ."

"ಹೊಟ್ಟೆಗೆ ತಿಂತಿದೀಯಾ?"

"ಸಿ, ಸೆನ್ಯೋರಾ."

"ಹೊಡೀತಾರಾ?"

ಸ್ವಲ್ಪ ತಡೆದು ಬಂತು. "ನೋ, ಸೆನ್ಯೋರಾ." ಆ ತಡೆಯನ್ನು ಆ ಕಿವಿ ಕೇಳದೆ ಇರಲಿಲ್ಲ.

"ನಿನ್ನ ಫೋನೆಲ್ಲಿ?"

"ನೋ ಫುನ್ಸಿಯೋನಾ." ಕೆಟ್ಟುಹೋಗಿದೆ.

"ಹೊರಗೆ ಹೋಗೋಕೆ ಬಿಡ್ತಾರಾ?"

"ನೋ, ಸೆನ್ಯೋರಾ."

"ಪಾಸ್‌ಪೋರ್ಟು? ನಿನ್ನ ಹತ್ರ ಇದೆಯಾ?"

"ಕಾಹಾ ಫುವೆರ್ತೆ, ಸಿ, ಸೆನ್ಯೋರಾ." ಗಿರಾಕಿಯ ಮಾತನ್ನು ಖಚಿತ ಮಾಡಿಕೊಳ್ಳುವ ಹಾಗೆ, ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ. ಕಬ್ಬಿಣದ ಪೆಟ್ಟಿಗೆಯಲ್ಲಿ.

ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಇಸ್ತ್ರಿಯಕ್ಕ ಕಣ್ಣು ಮುಚ್ಚಿದಳು.

"ಪುಟ್ಟೀ, ಮನೆಗೆ ಬರ್ತೀಯಾ?"

ಆ ಕಡೆ ಚಪ್ಪಲಿಯ ಸದ್ದು ಹತ್ತಿರವಾಯಿತು. ಮಗಳು ಒಂದೇ ಉಸಿರಿಗೆ, "ಕಿಯೆರೋ ದೆಹಾರ್ ಲಾ ಅಬಿತಸಿಯೋನ್. ಸಿ, ಸೆನ್ಯೋರಾ. ಸಿ. ಸಿ" ಎಂದಳು. ಕೋಣೆ ಬಿಟ್ಟು ಹೊರಡಬೇಕು. ಕೊನೆಯ ಎರಡು ಹೌದುಗಳಲ್ಲಿ ಹೋಟೆಲಿನವರ ನಯ ಇರಲಿಲ್ಲ. ಫೋನು ಇಟ್ಟ ಸದ್ದು.

ನಾದಿನಿ ಅವಳ ಕೈಯಿಂದ ಫೋನನ್ನು ಮೆಲ್ಲಗೆ ಬಿಡಿಸಿಕೊಂಡಳು. "ಇದಾಳಲ್ಲ ಅತ್ತಿಗೆ. ಉಸಿರಿದೆಯಲ್ಲ."

"ಇದಾಳೆ" ಎಂದಳು ಇಸ್ತ್ರಿಯಕ್ಕ. ಇನ್ನು ಅಳಬಹುದಿತ್ತು. ಅವಳು ಎದ್ದು ಗೈಡಿಗೆ ಫೋನು ಮಾಡಿದಳು. ಅವನು ಯಾವುದೋ ಕೋಟೆಯ ಮೇಲಿದ್ದ, ಗಾಳಿ ಬೀಸುತ್ತಿತ್ತು. ಎಲ್ಲವನ್ನೂ ಕೇಳಿಸಿಕೊಂಡ.

"ಅಕ್ಕ, ಇದು ದೊಡ್ಡೋರ ಕೈಗೆ ಹೋಗಬೇಕಾದ ವಿಷಯ. ನಮ್ಮ ರಾಯಭಾರಿ ಕಚೇರಿ ಅಂತ ಒಂದಿರತ್ತೆ ಅಲ್ಲಿ. ನಾನೇ ಬರೀತೀನಿ. ತಡ ಆಗಬಹುದು. ಆಗೇ ಆಗತ್ತೆ."

"ಬರೀರಿ. ಇವತ್ತೇ ಬರೀರಿ. ಹೋಟೆಲ್ ಹೆಸರು ಸಾಬೂನಿನ ಮೇಲಿದೆ, ಪಾಸ್‌ಪೋರ್ಟು ಎಲ್ಲಿದೆ ಅಂತ ಅವಳ ಬಾಯಿಂದಲೇ ಕೇಳಿದೀನಿ. ಅದನ್ನೂ ಹಾಕಿ." ಅವಳು ಇಸ್ತ್ರಿ ಮೇಜಿನ ಕಡೆ ತಿರುಗಿದಳು. "ಆಮೇಲೆ ಇನ್ನೊಂದು. ಗಿರಾಕಿ ಕೋಣೆ ಬಿಡುವಾಗ, ಪೆಟ್ಟಿಗೇಲಿರೋ ನನ್ನ ವಸ್ತು ನನಗೆ ಕೊಡಿ ಅಂತ ಕೇಳ್ತಾನಲ್ಲ, ಆ ಮಾತಿದೆಯಾ ನಿಮ್ಮ ಪುಸ್ತಕದಲ್ಲಿ?"

"ಇದೆ. ಆದ್ರೆ ಅಕ್ಕ, ಫೋನಲ್ಲಿ ಕೇಳಿದ್ರೆ ಯಾರು ಕೊಡ್ತಾರೆ?"

"ಕೊಡಲ್ಲ, ಗೊತ್ತು. ದೊಡ್ಡೋರು ಹೋಗೋವರೆಗೆ ಅವರ ಕಿವಿಗೆ ಬೀಳ್ತಾನೇ ಇರಲಿ. ಕೇಳೋರು ಒಬ್ಬರಿದಾರೆ ಅಂತ ಗೊತ್ತಿದ್ರೆ ಮಗೂನ ಮುಟ್ಟೋಕೆ ಮುಂಚೆ ಒಂದ್ಸಲ ಯೋಚನೆ ಮಾಡ್ತಾರೆ."

ಗಾಳಿಯ ನಡುವೆ ಗೈಡು ಹೇಳಿದ: "ಕಿಯೆರೋ ಮಿಸ್ ಕೋಸಾಸ್ ದೆ ಲಾ ಕಾಹಾ ಫುವೆರ್ತೆ."

ಅವಳು ಪೆಟ್ಟಿಗೆ ಬಿಸಿಗಿಟ್ಟು, ರಾಶಿಯಿಂದ ಒಂದು ಚಾದರ ಎಳೆದು ಹರಡಿದಳು. ಗುಲಾಬಿಯಾದ ಚಾದರಗಳಲ್ಲೊಂದು. "ಇನ್ನೊಂದ್ಸಲ ಹೇಳಿ" ಎಂದಳು. "ನಿಧಾನಕ್ಕೆ."