ದೊಡ್ಡ ಫಿಲ್ಮು, ಅಮ್ಮನ ಬಲಗೆನ್ನೆ

ದೊಡ್ಡ ಫಿಲ್ಮಿನ ಕ್ಯಾಮೆರಾ ಮೇಲೋ, ಸಣ್ಣ ರೀಲಿನದು ಮೇಲೋ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನ್ನ ಬಾಯಿ ಸುಮ್ಮನಿರುವುದಿಲ್ಲ. ಸಣ್ಣ ರೀಲಿನ ನೆಗೆಟಿವ್ ಅಂಚೆಚೀಟಿಯಷ್ಟು. ದೊಡ್ಡದು ಅದರ ಮೂರೂವರೆ ಪಟ್ಟು. ಗೋಡೆಯಗಲ ಹಿಗ್ಗಿಸಿದರೂ ಹುಬ್ಬಿನ ಕೂದಲು ಎಣಿಸಬಹುದು. ಆಗಂತೂ ಈ ಜಂಬ ನನ್ನ ತಲೆಗೇರಿ ಕೂತಿತ್ತು.

೨೦೧೧ರ ಸುಮಾರು. ಕೋಗಿಲಿನಲ್ಲಿ ನಮ್ಮ ಮನೆ, ಮತ್ತಿಕೆರೆಯ ಸ್ಟುಡಿಯೋದಲ್ಲಿ ನನ್ನ ಕೆಲಸ. ಅಲ್ಲಿ ಮದುವೆಗಳಿಗೆಲ್ಲ ಡಿಜಿಟಲ್ಲೇ. ನಾನು ಹಠ ಹಿಡಿದು ದೊಡ್ಡ ಫಿಲ್ಮಿನ ಹಳೆಯ ಪೆಟ್ಟಿಗೆ ಕ್ಯಾಮೆರಾ ಒಂದನ್ನು ಕೊಂಡು ಎರಡು ತಿಂಗಳಾಗಿತ್ತು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಕಣ್ಣಿಗೆ ಹಿಡಿಯುವಂತಿಲ್ಲ, ತಲೆ ಬಗ್ಗಿಸಿ ಮೇಲಿನ ಗಾಜಿನೊಳಗೆ ನೋಡಬೇಕು. ಅದರಲ್ಲಿ ಎಡ ಬಲಕ್ಕೆ, ಬಲ ಎಡಕ್ಕೆ ಕಾಣುತ್ತದೆ.

ಅದೇ ಹೊತ್ತಿಗೆ ಅಮ್ಮನ ಬಲದವಡೆಯೊಳಗೆ ಗಡ್ಡೆ ಸಿಕ್ಕಿತು. ಹೊಗೆಸೊಪ್ಪು ಒತ್ತರಿಸುತ್ತಿದ್ದ ಜಾಗದಲ್ಲೇ. ಹೊರಗೆ ಏನೂ ಕಾಣುತ್ತಿರಲಿಲ್ಲ. ಆ ಕಡೆಯ ಮೂಳೆ ತೆಗೆಯಬೇಕು, ಕೆನ್ನೆ ಒಳಕ್ಕೆ ಕುಸಿಯುತ್ತದೆ ಎಂದರು ಡಾಕ್ಟರು. ಮಾತಾಡುವಾಗ ಗುಳಿ ಬೀಳುತ್ತಿದ್ದ ಕೆನ್ನೆ ಅದು. ಅಮ್ಮ ಅಳಲಿಲ್ಲ. "ಕುಯ್ಯಾಕ್ ಮುಂಚೆ ಒಂದ್ ಪಟ ತೆಗೆಯೋ. ಈ ಕೆನ್ನೆ ಎಂಗಿತ್ತು ಅಂತ ಆಮೇಲೆ ನೋಡ್ಕಬೇಕು" ಅಂದಳು.

ಆಸ್ಪತ್ರೆಗೆ ಸೇರುವ ದಿನ ಬೆಳಿಗ್ಗೆ ಆಟೋದವನು ಬಂದು ಹಾರ್ನ್ ಹೊಡೆಯುತ್ತಿದ್ದ. ಅಮ್ಮ ತಾನಾಗಿಯೇ ಸ್ಟೂಲು ಎಳೆದುಕೊಂಡು, ಬಲಗೆನ್ನೆಗೆ ಬಾಗಿಲ ಬೆಳಕು ಬೀಳುವಂತೆ ಕೂತಿದ್ದಳು. ನಾನು ಟ್ರೈಪಾಡ್ ನಿಲ್ಲಿಸಿ ಬಗ್ಗಿ ನೋಡಿದೆ. ಗಾಜಿನಲ್ಲಿ ಬೆಳಕು ಬಿದ್ದ ಕೆನ್ನೆ ಬಲಗಡೆ ಇತ್ತು. ಎದುರಿಗೆ ಕೂತವಳ ಬಲಗೆನ್ನೆ ನನ್ನ ಎಡಕ್ಕೆ ಇರಬೇಕಲ್ಲ, ಹಾಗಾದರೆ ಇದು ಎಡಗೆನ್ನೆ ಎಂದು ಲೆಕ್ಕ ಹಾಕಿದೆ. ಗಾಜಿನಲ್ಲಿ ಎಡಬಲ ಅದಲುಬದಲು ಎಂಬ ಎರಡು ತಿಂಗಳ ಅಭ್ಯಾಸವೆಲ್ಲ ಆ ಗಾಬರಿಯಲ್ಲಿ ಎಲ್ಲಿ ಹೋಗಿತ್ತೋ!

"ಆ ಕಡೆ ತಿರುಗಿ ಕೂತ್ಕೋಮ್ಮ" ಎಂದು ಸ್ಟೂಲು ತಿರುಗಿಸಿದೆ.

"ಈ ಕೆನ್ನೆ ಅಲ್ವೇನೋ ಕುಯ್ಯೋದು?"

"ಮಾತಾಡ್ಬೇಡ! ಅಲ್ಲಾಡಿದ್ರೆ ಎಲ್ಲಾ ಹಾಳಾಗತ್ತೆ."

ಒಳಮನೆಯ ಮಬ್ಬಿನಲ್ಲಿ ಷಟರ್ ಅರ್ಧ ಸೆಕೆಂಡು ತೆರೆದಿರಬೇಕು, ಅಷ್ಟು ಹೊತ್ತೂ ಮುಖ ಕಲ್ಲಾಗಿರಬೇಕು. ತಂಗಿ ತನ್ನ ಸಣ್ಣ ರೀಲಿನ ಕ್ಯಾಮೆರಾ ಹಿಡಿದು ಗೋಡೆಗೊರಗಿದ್ದಳು. "ಅಣ್ಣ, ಇದ್ರಲ್ಲಿ ಮೂವತ್ತಾರು ಬರತ್ತೆ. ನಾನೂ ನಾಲ್ಕು ತೆಗೀಲಾ?"

"ನಿನ್ನ ಚೋಟುದ್ದ ರೀಲಲ್ಲಿ ಬರೀ ಕಾಳುಕಾಳು ಕಣೇ. ಸುಮ್ನಿರು."

ಒಂದು, ಎರಡು, ಮೂರು ಎಂದು ಫಿಲ್ಮು ತಿರುಗಿಸುತ್ತ ಚಿತ್ರ ತೆಗೆಯುತ್ತ ಹೋದೆ. ಆಟೋದ ಹಾರ್ನ್ ನಿಲ್ಲಲಿಲ್ಲ. ಒಂಬತ್ತನೆಯದಕ್ಕೆ ಅಮ್ಮ ಮತ್ತೆ ಬಾಯಿ ತೆಗೆದಳು. ಅದೇ ಕ್ಷಣ ತಂಗಿ ಟಕ್ಕೆಂದು ಒತ್ತಿದಳು. ನನಗೆ ಪಿತ್ತ ನೆತ್ತಿಗೇರಿತು. ಬಗ್ಗಿಸಿದ ತಲೆ ಎತ್ತದೆಯೇ ಇಬ್ಬರನ್ನೂ ಬೈದೆ. ಅಮ್ಮ ತುಟಿ ಮುಚ್ಚಿದಳು. ಹನ್ನೆರಡೂ ಮುಗಿಸಿಯೇ ಬಿಟ್ಟೆ.

ಆಪರೇಷನ್ ಆಗಿ ನಾಲ್ಕನೆಯ ದಿನ ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಹಾಕಿದೆ. ಏನು ಚಂದ, ಏನು ನುಣುಪು! ಕಿವಿಯ ಮೇಲಿನ ನರೆಗೂದಲು ಒಂದೊಂದೂ ಬಿಡಿಬಿಡಿ. ಸೆರಗಿನ ನೂಲೂ ಕಾಣುತ್ತಿತ್ತು. ಸೆರಗು ಹೊದ್ದ ಎಡ ಹೆಗಲು ನೋಡಿದೆ, ಬೆಳಕೂ ಅದೇ ಕಡೆ ಇತ್ತು. ಬೆಳಕಿನಲ್ಲಿದ್ದದ್ದು ಎಡಗೆನ್ನೆ. ಬಲಗೆನ್ನೆ ಹನ್ನೆರಡರಲ್ಲೂ ಕಗ್ಗತ್ತಲು. ಎಷ್ಟು ಹೊತ್ತು ಬೆಳಕು ತಿದ್ದಿದರೂ ಅಲ್ಲಿಂದ ಏನೂ ಎದ್ದು ಬರಲಿಲ್ಲ. ಥೂ ನನ್ನ ಜನ್ಮಕ್ಕೆ ಎಂದು ಅಲ್ಲೇ ಕುಕ್ಕರಿಸಿ ಅತ್ತೆ.

ತಂಗಿಯ ರೀಲನ್ನು ನಾನೇ ತೊಳೆದೆ. ಅವಳ ಚಿತ್ರ ಕಾಳುಕಾಳೇ, ಸ್ವಲ್ಪ ಅಲ್ಲಾಡಿದೆ ಕೂಡ. ಅವಳು ನಿಂತಿದ್ದ ಗೋಡೆಯ ಕಡೆಯಿಂದ, ಮಬ್ಬಾಗಿಯಾದರೂ, ಅಮ್ಮನ ಬಲಗೆನ್ನೆಯೇ ಎದುರಿಗೆ ಬಂದಿತ್ತು. ಅಮ್ಮ ಬಾಯಿ ತೆರೆದಿದ್ದಾಳೆ, ಗುಳಿ ಬಿದ್ದಿದೆ, ತೋರುಬೆರಳು ಆ ಗುಳಿಯ ಪಕ್ಕವೇ ಒತ್ತಿದೆ. ಇದು, ಇದು ಎಂದು ತೋರಿಸುತ್ತಿದ್ದಾಳೆ. ಎದುರಿಗೆ ನಾನು, ಕತ್ತು ಬಗ್ಗಿಸಿ ಪೆಟ್ಟಿಗೆಯೊಳಗೆ ಮುಖ ತೂರಿಸಿಕೊಂಡು ನಿಂತಿದ್ದೇನೆ.

ಅಮ್ಮ ಮನೆಗೆ ಬಂದ ಮೇಲೆ ಎರಡನ್ನೂ ಅವಳ ಮುಂದಿಟ್ಟೆ. ನನ್ನ ಅಗಲವಾದ ಪ್ರಿಂಟನ್ನು ಪಕ್ಕಕ್ಕೆ ಸರಿಸಿ ಸಣ್ಣದನ್ನು ಕೈಗೆತ್ತಿಕೊಂಡಳು. ತನ್ನ ಕೆನ್ನೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಚಿತ್ರದಲ್ಲಿದ್ದ ನನ್ನ ಮೇಲೆ ಬೆರಳಿಟ್ಟು ಏನೋ ಅಂದಳು. ಕುಸಿದ ಬಾಯಿಯ ಮಾತು, ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದಳು. ಮೂರನೆಯ ಸಲಕ್ಕೆ ಅರ್ಥವಾಯಿತು.

"ಒಂದ್ ಕಿತ ತಲೆ ಎತ್ತಿ ನನ್ನ ನೋಡಾಕೆ ಏನಾಗಿತ್ತೋ ನಿಂಗೆ?"