ಯರ್ರೆಪ್ಪ ನಂಬಿದ ಡಬ್ಬಿ

ಹೊಸಹಳ್ಳಿಯ ಕುರಿಗಾರ ಯರ್ರೆಪ್ಪನಿಗೆ ಕಣ್ಣಿಗಿಂತ ಕೈಯ ಮೇಲೆ ನಂಬಿಕೆ. ಸಂತೆಯಲ್ಲಿ ಯಾರು ಎಷ್ಟೇ ಬಣ್ಣ ಕಟ್ಟಿ ಹೇಳಲಿ, ಕುರಿಯ ಬೆನ್ನು ತಡವಿ, ಸೊಂಟ ಒತ್ತಿ ನೋಡಿದ ಮೇಲೇ ಅವನು ಹೂಂ ಅನ್ನುವುದು. ಚರ್ಮದಡಿಯ ಗಂಟು ಕೈಗೆ ಹೊರಳಿದರೆ ಭಯವಿಲ್ಲ, ಅಂಟಿಕೊಂಡಿದ್ದರೆ ಕೆಟ್ಟದ್ದು ಅನ್ನುತ್ತಿದ್ದ. ಸುತ್ತಲಿನವರು ಕುರಿ ಕೊಳ್ಳಲು ಅವನನ್ನು ಕರೆದೊಯ್ಯುತ್ತಿದ್ದದ್ದೇ ಆ ಕೈಗಾಗಿ. ಅದರ ಜಂಬವೂ ಅವನಿಗೆ ಕಡಿಮೆ ಇರಲಿಲ್ಲ.

ಹೆಂಡತಿ ಮರುಳಸಿದ್ದಮ್ಮ ಕಣ್ಣು ಕತ್ತಲೆ ಬಂದು ಮತ್ತೆ ಮತ್ತೆ ಬೀಳತೊಡಗಿದಳು. ಪೇಟೆಯ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ಪುಷ್ಪಲತಾ ಪರೀಕ್ಷೆ ಮಾಡಿ, ಎದೆಬಡಿತ ನಡುನಡುವೆ ನಿಲ್ಲುತ್ತಿದೆ, ಪೇಸ್‌ಮೇಕರ್ ಹಾಕಲೇಬೇಕು ಎಂದರು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು.

"ಎರಡು ನಮೂನಿ ಅದಾವು. ಒಂದು ಡಬ್ಬಿ. ಹೆಗಲ ಕೆಳಗ ಚರ್ಮದೊಳಗ ಇಡ್ತೀವಿ, ಅಲ್ಲಿಂದ ತಂತಿ ಹೃದಯಕ್ಕ ಹೋಗ್ತೈತಿ. ಭಾಳ ವರ್ಷದಿಂದ ಹಾಕ್ಕೋತ ಬಂದೀವಿ, ಬ್ಯಾಟರಿ ಮುಗಿದ್ರ ಬದಲು ಮಾಡೋದು ಸಲೀಸು. ಆದ್ರ ತಂತಿ ಜರುಗಬಹುದು, ಗಾಯ ಕೀವಾಗಬಹುದು. ಇನ್ನೊಂದು ದೊಡ್ಡ ಗುಳಿಗಿಯಂಥದ್ದು. ತೊಡಿ ರಕ್ತನಾಳದಿಂದ ಕಳಿಸಿ ಹೃದಯದೊಳಗ ಕೂಡಿಸ್ತೀವಿ. ತಂತಿ ಇಲ್ಲ, ಎದಿ ಮ್ಯಾಲೆ ಗಾಯ ಇಲ್ಲ. ಹಾಕೋವಾಗ ಹೃದಯಕ್ಕ ಪೆಟ್ಟಾಗೋ ಭಯ ಸ್ವಲ್ಪ ಐತಿ, ಆಮ್ಯಾಲೆ ತೆಗಿಯೋದು ಕಷ್ಟ. ಇವರ ಚರ್ಮ ಸಡಿಲ ಐತಿ, ಡಬ್ಬಿ ಒಳಗ ಹೊರಳಬಹುದು. ಇವರಿಗೆ ಗುಳಿಗಿಯಂಥದ್ದು ಚಲೋ ಅನಸ್ತೈತಿ."

"ಒಳಗ ಕುಂತದ್ದು ಕೈಗೆ ಹೆಂಗ ಸಿಗ್ತೈತ್ರಿ? ಐತೋ ಜಾರೈತೋ ಯಾರಿಗೆ ಗೊತ್ತು? ಡಬ್ಬೀನ ಹಾಕ್ರಿ ಅಮ್ಮಾರ," ಎಂದ ಯರ್ರೆಪ್ಪ.

ಡಾಕ್ಟರು ಮರುಳಸಿದ್ದಮ್ಮನ ಮುಖ ನೋಡಿದರು. "ಅವ್ರು ಹೇಳಿದಂಗ ಆಗ್ಲಿ ಬಿಡ್ರಿ," ಎಂದಳು ಅವಳು.

ಎಡ ಹೆಗಲ ಕೆಳಗೆ ಡಬ್ಬಿ ಹಾಕಿ, ಎಡಗೈ ಮೇಲೆತ್ತಬೇಡಿ, ಡಬ್ಬಿ ಮುಟ್ಟಬೇಡಿ ಎಂದು ಇಬ್ಬರಿಗೂ ಒತ್ತಿ ಹೇಳಿ ಮನೆಗೆ ಕಳಿಸಿದರು. ಯರ್ರೆಪ್ಪ ಅವಳಿಗೆ ಕೊಡ ಎತ್ತಗೊಡಲಿಲ್ಲ, ಕಸಬರಿಗೆ ಹಿಡಿಯಗೊಡಲಿಲ್ಲ. ಓಣಿಯವರು ನಕ್ಕರೂ ತಾನೇ ರೊಟ್ಟಿ ಬಡಿದ. ಆದರೆ ಮುಟ್ಟಬೇಡಿ ಅಂದದ್ದು ತನ್ನ ಕೈಗಲ್ಲ, ಏನೂ ತಿಳಿಯದವರ ಕೈಗೆ ಎಂದುಕೊಂಡ. ಅಲ್ಲೇ ಅವನು ಕೆಟ್ಟ.

ಗಾಯ ಮಾಗಿದ ಮೇಲೆ ದಿನಾ ಬೆಳಿಗ್ಗೆ, ಕುರಿ ಬಿಡುವ ಮೊದಲು, ಹೆಂಡತಿಯ ಪಕ್ಕ ಕೂತು ಸೆರಗು ಸರಿಸಿ, ಡಬ್ಬಿಯ ಅಂಚು ಹಿಡಿದು ಮೆಲ್ಲಗೆ ತಿರುವುತ್ತಿದ್ದ. ಅದು ಸಲೀಸಾಗಿ ಹೊರಳುತ್ತಿತ್ತು. "ಐತಿ. ಅಂಟಿಲ್ಲ, ಕೀವಿಲ್ಲ," ಅನ್ನುತ್ತಿದ್ದ. ಮರುಳಸಿದ್ದಮ್ಮ ಬೇಡ ಅನ್ನಲಿಲ್ಲ. ಮದುವೆಯಾದಾಗಿನಿಂದ ಕುರಿಯ ಹಿಂದೆಯೇ ತಿರುಗಿದ ಗಂಡ ಹಗಲಲ್ಲಿ ಹೀಗೆ ಹತ್ತಿರ ಕೂತದ್ದು ಅದೇ ಮೊದಲು. ಅವಳಿಗೆ ಅದು ಹಿತವಾಗಿತ್ತು.

ಒಂದು ದಿನ ಅವಳು ಹಿತ್ತಲಲ್ಲಿ ಮತ್ತೆ ಬಿದ್ದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರೆ ತಂತಿ ಡಬ್ಬಿಗೆ ನೂಲಿನಂತೆ ಸುತ್ತಿಕೊಂಡಿತ್ತು. ಅದರ ತುದಿ ಹೃದಯದಿಂದ ಕಿತ್ತು ಬಂದಿತ್ತು.

"ಇದನ್ನ ಯಾರೋ ತಿರುವ್ಯಾರ," ಎಂದರು ಡಾಕ್ಟರು.

ಮಂಚದಿಂದ ಮರುಳಸಿದ್ದಮ್ಮನೇ ಅಂದಳು: "ನಾನ ರೀ. ತುರಸ್ತಿತ್ತು. ಅವ್ರು ಬ್ಯಾಡ ಬ್ಯಾಡ ಅಂತಿದ್ರು."

ಯರ್ರೆಪ್ಪ ನಾಚಿಕೆಗೆ ಅಲ್ಲ ಅನ್ನಲಿಲ್ಲ. ಗುಳಿಗೆಯಂಥದ್ದನ್ನು ಹಾಕಲು ಅವಳನ್ನು ಒಳಗೆ ಒಯ್ಯುವಷ್ಟರಲ್ಲಿ ಬಡಿತ ನಿಂತಿತು. ಎದೆ ಒತ್ತಿ ಒತ್ತಿ ನೋಡಿದರು. ಮತ್ತೆ ಬರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ಜನ. ಅವನ ಅಕ್ಕ ನಾಗಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು: "ನನ್ ತಮ್ಮ ರೊಟ್ಟಿ ಬಡಿದು ಹಾಕಿದ. ಆಕೀನ ಅವನ ಮಾತು ಕೇಳಲಿಲ್ಲ, ಸುಮ್ಕ ಇರಲಾರದ ಡಬ್ಬಿ ತಿರುವಿಕೊಂಡ್ಳು." ಬಂದವರು ಹೌದೆಂದು ತಲೆಯಾಡಿಸಿದರು. ಸತ್ತವಳಿಗೆ ಹಟಮಾರಿ ಎಂಬ ಹೆಸರೂ ಬಂತು.

ಯರ್ರೆಪ್ಪನಿಗೆ ಕೇಳಲಾಗಲಿಲ್ಲ. "ಆಕಿ ಮುಟ್ಟಿಲ್ಲ ಬೇ ಅಕ್ಕ. ನಾನ ತಿರುವೀನಿ. ದಿನಾ," ಎಂದ.

ನಾಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೋಡ್ರಿ, ದುಃಖಕ್ಕ ಏನೇನೋ ಅಂತಾನ. ಹೆಂಡ್ತಿ ತಪ್ಪು ತನ್ ಮ್ಯಾಲೆ ಹಾಕ್ಕೊಳ್ಳಾಕ ಹತ್ಯಾನ. ಇಂಥ ಗಂಡ ಯಾರಿಗೆ ಸಿಗ್ತಾನ," ಎಂದು ಅವನ ಮುಂದೆ ಚಹಾ ಇಟ್ಟಳು.