ಸಬಿನಾಗೆ ಮಕ್ಕಳಿಲ್ಲ

ಬಿನುಕರಾನ್ ಊರಿನ ಬ್ಯಾಸ್ಕೆಟ್‌ಬಾಲ್ ಅಂಗಳದ ಮೂಲೆಯಲ್ಲಿ ನಲವತ್ತು ವರ್ಷದಿಂದ ಒಂದೇ ಬಾಣಲೆ, ಒಂದೇ ಬಾಯಿ. ಬಾಣಲೆಯಲ್ಲಿ ಸಕ್ಕರೆ ಪಾಕ ಹತ್ತಿದ ಬಾಳೆಹಣ್ಣು ಚುರುಗುಟ್ಟುತ್ತಿತ್ತು. ಬಾಯಿ ಔರೆಲಿಯಾ ಮುದುಕಿಯದು. ವಾರಗೆಯವರಿಗೆ ಆಕೆ ಮಾನಾಯ್ ಒರೆಂಗ್, ಅಂದರೆ ಒರೆಂಗಕ್ಕ. ಚಿಕ್ಕವರಿಗೆ ಲೋಲಾ, ಅಂದರೆ ಅಜ್ಜಿ. ಕಡ್ಡಿಗೆ ಎರಡೆರಡು ಹಣ್ಣು ಚುಚ್ಚಿ ಕೊಡುತ್ತಲೇ ಆಟಗಾರರನ್ನೂ ಚುಚ್ಚುವವಳು.

"ಲೇ, ಚೆಂಡು ಎಸೀತಿದ್ದೀಯೋ, ಕೋಳಿಗೆ ಕಾಳು ಹಾಕ್ತಿದ್ದೀಯೋ?" ಅಂದಳೆಂದರೆ ಇಡೀ ಅಂಗಳ ನಗುತ್ತಿತ್ತು.

ಆಕೆ ಆಟಗಾರನ ಮುಖ ನೋಡುತ್ತಿರಲಿಲ್ಲ, ಮಂಡಿ ನೋಡುತ್ತಿದ್ದಳು. ಎಗರಿ ಇಳಿಯುವಾಗ ಮಂಡಿ ಹೇಗೆ ಬಾಗುತ್ತದೆ ಅನ್ನುವುದನ್ನು ನೋಡಿ ಅವನ ಆಟದ ಆಯುಸ್ಸು ಹೇಳುತ್ತಿದ್ದಳು. ಹತ್ತಕ್ಕೆ ಎಂಟು ಸಲ ಅದು ಸುಳ್ಳಾಗುತ್ತಿರಲಿಲ್ಲ.

ವರ್ಷಕ್ಕೊಂದೇ ದಿನ ಆಕೆ ಒಲೆ ಹಚ್ಚುತ್ತಿರಲಿಲ್ಲ. ಜನವರಿಯಲ್ಲಿ ಮನಿಲಾದ ದೊಡ್ಡ ಲೀಗಿನ ಡ್ರಾಫ್ಟ್ ನಡೆಯುವ ದಿನ. ತಂಡಗಳವರು ಸಾಲಾಗಿ ಕೂತು, ಸರದಿಯ ಪ್ರಕಾರ ಹೊಸ ಹುಡುಗರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುವ ದಿನ ಅದು. ಪಂಚಾಯಿತಿ ಕಟ್ಟಡದ ಕಿಟಕಿಯಲ್ಲಿ ಟಿವಿ ಇಟ್ಟರೆ ಊರೆಲ್ಲ ಅಂಗಳದಲ್ಲಿ ನೆರೆಯುತ್ತಿತ್ತು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿ ಒರೆಂಗಳದು. ಅಷ್ಟೊತ್ತೂ ತಂಡಗಳ ಮಾಲೀಕರಿಗೆ ಬೈಗುಳದ ಅಭಿಷೇಕ. "ಕಣ್ಣಿಗೆ ಸುಣ್ಣ ಹಾಕ್ಕೊಂಡಿದ್ದಾನಾ ಇವನು? ಅಂಥಾ ಮಂಡಿ ಬಿಟ್ಟು ಈ ಬೊಂಬೂನ ಆರಿಸ್ಕೊಂಡನಲ್ಲಪ್ಪಾ!"

ಆಕೆಗೆ ಒಬ್ಬಳೇ ಮಗಳಿದ್ದಳು, ಸಬಿನಾ. ಅರವತ್ತೆಂಟನೇ ಇಸವಿಯ ನವೆಂಬರಿನಲ್ಲಿ, ಹತ್ತೊಂಬತ್ತರ ಹುಡುಗಿ, ಹೊಲಿಗೆ ಕಲಿಯಲು ಮನಿಲಾಕ್ಕೆ ಹೋಗುತ್ತೇನೆಂದು ಲಾಂಚ್ ಹತ್ತಿದಳು. ಮಸ್ಬಾತೆ ದ್ವೀಪ ದಾಟುವ ಮೊದಲೇ ಬಿರುಗಾಳಿ ಎದ್ದು ಲಾಂಚ್ ಮಗುಚಿತು. ಹನ್ನೊಂದು ಹೆಣ ದಡಕ್ಕೆ ಬಂದವು. ಸಬಿನಾಳದು ಬರಲಿಲ್ಲ. ಸಾವು ಬರೆದುಕೊಳ್ಳಲು ಬಂದ ಗುಮಾಸ್ತನಿಗೆ ಒರೆಂಗ್, "ಹೆಣ ತಂದಿದ್ದೀಯಾ? ತಂದು ಬರಕೋ" ಅಂದು ಬಾಗಿಲು ಹಾಕಿದಳು. ಅವನು ತರಲಿಲ್ಲ, ಬರೆಯಲೂ ಇಲ್ಲ.

ಆಮೇಲೆ ಪ್ರತಿ ನವೆಂಬರಿನಲ್ಲಿ ಸತ್ತವರ ಹಬ್ಬ ಬಂದಾಗ ಒರೆಂಗ್ ಗಂಡನ ಗೋರಿಗೆ ಮೇಣದಬತ್ತಿ ಹಚ್ಚುತ್ತಿದ್ದಳು, ಮಗಳ ಹೆಸರಿಗೆ ಹಚ್ಚುತ್ತಿರಲಿಲ್ಲ. ಹಚ್ಚಿದರೆ ಸತ್ತಳು ಅಂತ ತಾನೇ ಸಾಕ್ಷಿ ನುಡಿದಂತೆ ಅನ್ನುವುದು ಆಕೆಯ ಲೆಕ್ಕ. ಹೀಗಾಗಿ ಪುರಸಭೆಯ ಪುಸ್ತಕದಲ್ಲಿ ಸಬಿನಾ ಹುಟ್ಟಿದ್ದಳು, ಸತ್ತಿರಲಿಲ್ಲ. ಕಾಗದದ ಮೇಲೆ ಐವತ್ತು ತುಂಬಿದ ಹೆಂಗಸು.

ಇಂಥ ಕಾಗದವೆಂದರೆ ಒಂದು ಜಾತಿಯ ನೊಣಕ್ಕೆ ಬೆಲ್ಲ. ಹೊರದೇಶದಲ್ಲಿ ಹುಟ್ಟಿದವನಾದರೂ ತಾಯಿಯೋ ತಂದೆಯೋ ನಮ್ಮ ನೆಲದವರೆಂದು ತೋರಿಸಿಬಿಟ್ಟರೆ ಅವನು ನಮ್ಮವನೇ, ಡ್ರಾಫ್ಟಿನಲ್ಲಿ ಕೂರಬಹುದು ಅಂತ ಲೀಗಿನ ಕಾಯಿದೆ. ಅಲ್ಲಿಂದ ಶುರುವಾಯಿತು ಅಮ್ಮಂದಿರ ಬೇಟೆ. ದಲ್ಲಾಳಿಗಳು ಊರೂರು ಅಲೆದು, ಎಲ್ಲಿಗೋ ಹೋಗಿ ಸುದ್ದಿಯಿಲ್ಲದ ಹೆಣ್ಣುಮಕ್ಕಳ ಹೆಸರು ಹೆಕ್ಕತೊಡಗಿದರು. ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ಕಂಡಿದ್ದೇವೆ. ಇವರು ಹೆಣದ ಬೆರಳಿನ ಉಂಗುರ ಬಿಟ್ಟು ಬೆರಳನ್ನೇ ಕತ್ತರಿಸುವವರು.

ತೊಂಬತ್ತೊಂಬತ್ತರ ಅಕ್ಟೋಬರಿನಲ್ಲಿ ಊರಿನ ಕಪಿತಾನ ಉರ್ಬಾನೊ, ಅಂದರೆ ಊರಿನ ಯಜಮಾನಿಕೆ ಗೆದ್ದು ಕೂತಿದ್ದ ಮನುಷ್ಯ, ಇಬ್ಬರನ್ನು ಕರೆದುಕೊಂಡು ಒರೆಂಗಳ ಮನೆಗೆ ಬಂದ. ಒಬ್ಬ ರಾಮಿಲ್ ಅನ್ನುವ ದಲ್ಲಾಳಿ, ಮೈತುಂಬ ಅತ್ತರು. ಇನ್ನೊಬ್ಬ ಕಪ್ಪು ಬಣ್ಣದ ಅಮೆರಿಕದ ಹುಡುಗ, ಆರಡಿ ಎಂಟಂಗುಲ, ಹೆಸರು ಡೆರಿಕ್. ಬಾಗಿಲಿಗೆ ತಲೆ ತಗ್ಗಿಸಿ, ಸಾಲದೆ ಸೊಂಟವನ್ನೂ ಬಗ್ಗಿಸಿ ಒಳಗೆ ಬಂದ.

ರಾಮಿಲ್ ಒರೆಂಗಳ ಎರಡೂ ಕೈ ಹಿಡಿದುಕೊಂಡ. "ಲೋಲಾ, ಗಟ್ಟಿ ಮನಸ್ಸು ಮಾಡ್ಕೊಳಿ. ನಿಮ್ಮ ಸಬಿನಾ ಮುಳುಗಲಿಲ್ಲ. ಅಮೆರಿಕದ ಹಡಗಿನವರು ಎತ್ಕೊಂಡ್ರು. ಅಲ್ಲೇ ಸಂಸಾರ ಮಾಡಿದ್ಲು. ಇವನು ನಿಮ್ಮ ಮೊಮ್ಮಗ."

ಒರೆಂಗ್ ಮೂವತ್ತೊಂದು ವರ್ಷ ಬಾಗಿಲು ತೆರೆದಿಟ್ಟು ಕಾದಿದ್ದು ಇದೇ ಮಾತಿಗೆ. ಹುಡುಗ ಮಂಡಿಯೂರಿ, ಹೇಳಿಕೊಟ್ಟಂತೆ ಆಕೆಯ ಕೈಯನ್ನು ಹಣೆಗೆ ಒತ್ತಿಕೊಂಡ. ಮಂಡಿಯೂರಿದರೂ ನಿಂತ ಮುದುಕಿಗಿಂತ ಎತ್ತರ. ಆಕೆ ಒಳಗೆ ಹೋಗಿ ಮಧ್ಯಾಹ್ನದ ಅನ್ನ, ತೆಂಗಿನಹಾಲಿನಲ್ಲಿ ಬೇಯಿಸಿದ ಕೆಸುವಿನ ಎಲೆ ತಂದು ಮುಂದಿಟ್ಟಳು. ಹುಡುಗ ಹಸಿದವನಂತೆ ಉಂಡ. ದಲ್ಲಾಳಿಯೂ ಕಪಿತಾನನೂ ಸಿಗರೇಟಿಗೆಂದು ಹೊರಗೆ ಹೋದರು.

ಯುದ್ಧ ಮುಗಿದ ಕಾಲಕ್ಕೆ ಒರೆಂಗ್ ಅಮೆರಿಕದ ಸಿಪಾಯಿಗಳ ಬಟ್ಟೆ ಒಗೆದವಳು. ಅವರ ಭಾಷೆ ಒಂದಿಷ್ಟು ಬಾಯಲ್ಲಿತ್ತು. ದಲ್ಲಾಳಿಗೆ ಅದು ಗೊತ್ತಿರಲಿಲ್ಲ.

"ಮಗಾ, ನಿಮ್ಮಮ್ಮ ಯಾವ ಕೈಲಿ ಉಣ್ತಾಳೆ?" ಅಂತ ಹುಡುಗನ ಭಾಷೆಯಲ್ಲೇ ಕೇಳಿದಳು. ಸಬಿನಾ ಎಡಚಿ.

ಹುಡುಗ ಬಾಗಿಲ ಕಡೆ ನೋಡಿದ. ಆಮೇಲೆ ತಟ್ಟೆ ಕೆಳಗಿಟ್ಟ. "ಅಜ್ಜೀ, ನಮ್ಮಮ್ಮ ಒಹಾಯೋದವಳು. ಹೆಸರು ಡೆನಿಸ್. ಈ ಊರಿನ ಹೆಸರೇ ನನಗೆ ಮೊನ್ನೆವರೆಗೆ ಗೊತ್ತಿರ್ಲಿಲ್ಲ. ಅಲ್ಲಿ ನನ್ನನ್ನ ಯಾವ ತಂಡದೋರೂ ಆರಿಸ್ಕೊಳ್ಳಲಿಲ್ಲ. ನನಗೆ ಆಟ ಬೇಕು, ಅಷ್ಟೇ."

ಒರೆಂಗ್ ಅವನ ಮಂಡಿ ನೋಡಿದಳು. ಒಳ್ಳೆಯ ಮಂಡಿ.

"ಉಂಡು ಮುಗಿಸು. ಅನ್ನದ್ದೇನು ತಪ್ಪಿದೆ?" ಅಂದಳು.

ದಲ್ಲಾಳಿ ಕಾಗದ ಹಿಡಿದು ತಿರುಗಿ ಬಂದಾಗ ಆಕೆ ಬಾಗಿಲಲ್ಲಿ ನಿಂತಿದ್ದಳು. "ಸಬಿನಾ ಎಡಗೈಲಿ ಉಣ್ತಿದ್ಲು ಅನ್ನೋದನ್ನೂ ಅವನಿಗೆ ಕಲಿಸ್ಕೊಂಡು ಬರಬೇಕಿತ್ತು ಕಣೋ ನೀನು. ಅರ್ಧಂಬರ್ಧ ಕಳ್ಳ."

ಸಿಕ್ಕಿಬಿದ್ದರೂ ಅವನ ಮುಖದ ನಗು ಕದಲಲಿಲ್ಲ. ಅದೇ ಒರೆಂಗಳಿಗೆ ಎಲ್ಲಕ್ಕಿಂತ ಹೇಸಿಗೆಯಾಗಿದ್ದು. "ಲೋಲಾ, ಒಂದು ಸಹಿ. ಯಾರಿಗೇನು ನಷ್ಟ? ಹೆಣಾನೂ ಸಿಗದೋಳಿಗೆ ಒಂದು ಬಾಳು ಸಿಗುತ್ತೆ. ಗಂಡ, ಮನೆ, ಮಗ."

ಕಪಿತಾನ ದನಿಗೂಡಿಸಿದ. "ಅಂಗಳಕ್ಕೆ ಸೂರು ಹಾಕಿಸ್ತಾರಂತೆ, ಮಾನಾಯ್. ಮಳೆಗಾಲದಲ್ಲೂ ಆಟ ನಡೆಯುತ್ತೆ, ನಿನ್ನ ಬಾಳೆಹಣ್ಣೂ ಹೋಗುತ್ತೆ."

"ನನ್ನ ಮಗಳ ಬೆನ್ನ ಮೇಲೆ ತಗಡು ಹೊದಿಸ್ತೀಯಾ ಉರ್ಬಾನೊ? ನಿಮ್ಮಮ್ಮನ ಹೆಸರು ಕೊಡು ಹೋಗು. ಅವಳೂ ಸುದ್ದಿ ಹೇಳದೆ ಎಲ್ಲೆಲ್ಲೋ ಹೋಗಿದ್ದೋಳೇ." ಒಲೆ ಪಕ್ಕದಲ್ಲಿದ್ದ ಮೀನು ತೊಳೆದ ನೀರಿನ ಪಾತ್ರೆಗೆ ಆಕೆ ಕೈ ಹಾಕುವಷ್ಟರಲ್ಲಿ ಇಬ್ಬರೂ ಅಂಗಳ ದಾಟಿದ್ದರು. ಹುಡುಗ ಮಾತ್ರ ತಿರುಗಿ ನಿಂತು ಕ್ಷಮಿಸಿ ಅಂದು ಹೋದ.

ಅಲ್ಲಿಗೆ ಮುಗಿಯಿತು ಅಂದುಕೊಂಡಳು ಮುದುಕಿ. ತಾನು ಸಹಿ ಹಾಕಲಿಲ್ಲ ಅಂದಮೇಲೆ ಆಗುವುದೇನಿದೆ?

ಜನವರಿ ಬಂತು. ಒಲೆ ಆರಿಸಿ, ತಲೆ ಬಾಚಿ, ಮುಂದಿನ ಕುರ್ಚಿಯಲ್ಲಿ ಕೂತಳು. ಆ ವರ್ಷ ಯಾಕೋ ಕಪಿತಾನ ಇಡೀ ಹಂದಿಯನ್ನೇ ಸುಡಿಸಿ, ಬಾಳೆಲೆ ಹಾಸಿದ ಮೇಜಿನ ಮೇಲೆ ಮಲಗಿಸಿದ್ದ. ಎಲೆಕ್ಷನ್ ಹತ್ತಿರ ಬಂದಿರಬೇಕು ಅಂದುಕೊಂಡಳು.

ಮೂರು ಹೆಸರು ಕೂಗಿ ಆಯಿತು. ನಾಲ್ಕನೆಯದಕ್ಕೆ ಡೆರಿಕ್ ಎದ್ದು ನಿಂತ, ತಂಡದ ಟೋಪಿ ಹಾಕಿಕೊಂಡ. ಒರೆಂಗಳ ಬೆನ್ನು ನೆಟ್ಟಗಾಯಿತು. ಟಿವಿಯವನು ಸಕ್ಕರೆ ಸುರಿಸಿಕೊಂಡು ಓದಿದ: "ಇವರ ತಾಯಿ ಬಿನುಕರಾನಿನ ಸಬಿನಾ. ಹಡಗು ಮುಳುಗಿದರೂ ಬದುಕಿ ಉಳಿದ ಧೀರೆ."

ಅಂಗಳ ಹುಚ್ಚೆದ್ದಿತು. ಪಟಾಕಿ ಸಿಡಿಯಿತು. ನಾಲ್ಕು ಜನ ಒರೆಂಗಳನ್ನು ಕುರ್ಚಿ ಸಮೇತ ಎತ್ತಿದರು. "ಲೋಲಾ, ನಿಮ್ಮ ಮೊಮ್ಮಗ ನಮಗೆ ಸೂರು ತಂದ!" ಸಬಿನಾಳ ಜೊತೆ ಶಾಲೆಗೆ ಹೋದ ಹೆಂಗಸರೂ ಚಪ್ಪಾಳೆ ಹೊಡೆಯುತ್ತಿದ್ದರು. ಸುಳ್ಳೆಂದು ಅವರಲ್ಲಿ ಒಬ್ಬೊಬ್ಬರಿಗೂ ಗೊತ್ತಿತ್ತು.

"ಇಳಿಸ್ರೋ" ಅಂದಳು ಒರೆಂಗ್. ಆ ದನಿಗೆ ಇಳಿಸಿದರು. ಕಪಿತಾನನ ಮುಂದೆ ಹೋಗಿ ನಿಂತಳು. "ನಾನು ಸಹಿ ಹಾಕಿಲ್ಲ."

"ನೀನು ಹಾಕದಿದ್ರೆ ಏನಂತೆ? ಸಬಿನಾ ಈ ಊರೋಳು, ಬದುಕಿದ್ದಾಳೆ ಅಂತ ಕಪಿತಾನ ಬರೆದುಕೊಟ್ರೂ ನಡೆಯುತ್ತೆ." ಉರ್ಬಾನೊ ಮೆಲ್ಲಗೆ ನಕ್ಕ. "ಬದುಕಿದ್ದಾಳೆ ಅಂತ ಮೂವತ್ತು ವರ್ಷದಿಂದ ಹೇಳ್ಕೊಂಡು ಬಂದೋಳು ನೀನೇ ಅಲ್ವಾ, ಮಾನಾಯ್? ನಾನೇನು ಹೊಸದಾಗಿ ಬರೆದ್ನಾ?"

ಆಕೆ ಮೇಜಿನ ಹತ್ತಿರ ಹೋದಳು. ಹೊಳೆಯುವ ಕೆಂಪು ಚರ್ಮದ ಹಂದಿಯನ್ನು ತಲೆಯಿಂದ ಬಾಲದವರೆಗೆ ನೋಡಿದಳು. ಗಂಟಲು ಕೆರೆದು ಅದರ ನಡುಬೆನ್ನಿಗೆ ಉಗಿದಳು.

"ಈಗ ತಿನ್ರಿ" ಅಂದು ಮನೆಗೆ ನಡೆದಳು.

ಮಾರನೆಯ ಬೆಳಿಗ್ಗೆ ತಿಬೊಂಗನ ಗುಡಿಸಲಿಗೆ ಹೋದಳು. ತಿಬೊಂಗ್ ಮೀನು ಹಿಡಿಯುವವನು, ಆ ಲಾಂಚಿನಿಂದ ಜೀವ ಉಳಿಸಿಕೊಂಡು ಬಂದವರಲ್ಲಿ ಇನ್ನೂ ಇರುವವನು ಅವನೊಬ್ಬನೇ. ಬಲೆ ಹೆಣೆಯುತ್ತಿದ್ದ.

"ಏಳು. ಪುರಸಭೆಗೆ ಹೋಗೋಣ. ಮಗಳ ಸಾವು ಬರೆಸಬೇಕು. ಸಾಕ್ಷಿ ಬೇಕಂತೆ."

ತಿಬೊಂಗನ ಕೈಯಿಂದ ದಾರದ ಉಂಡೆ ಉರುಳಿತು. "ಒರೆಂಗ್, ಅದು ನಿನ್ನಿಂದ ಆಗುತ್ತಾ?"

"ಕಾಗದದಲ್ಲಿ ಅವಳು ಉಸಿರಾಡೋವರೆಗೂ ಕಂಡಕಂಡೋರು ಅವಳ ಹೊಟ್ಟೇಲಿ ಮಕ್ಕಳನ್ನ ಹುಟ್ಟಿಸ್ತಾರೆ. ಇವತ್ತು ಒಬ್ಬ. ನಾಳೆ ಅವನಿಗೊಬ್ಬ ತಮ್ಮ ಬರ್ತಾನೆ. ಏಳು."

ಕಚೇರಿಯ ಕಟಕಟೆಯ ಹಿಂದೆ ಕನ್ನಡಕದ ಹೆಣ್ಣುಮಗಳೊಬ್ಬಳು ಕೂತಿದ್ದಳು. ಸುದ್ದಿ ಅವಳಿಗೂ ಮುಟ್ಟಿತ್ತು. "ಲೋಲಾ, ಮೂವತ್ತೊಂದು ವರ್ಷ ಆದ್ಮೇಲಾ?"

"ತಡ ಆಯ್ತು ತಾಯಿ. ತಪ್ಪು ನನ್ನದೇ. ಬರಿ."

ಅವಳು ತಡವಾದವರ ಫಾರಂ ತೆಗೆದಳು. ಹೆಸರು, ವಯಸ್ಸು, ದಿನ, ಜಾಗ. ಒರೆಂಗ್ ತಡವರಿಸದೆ ಹೇಳಿದಳು. ಹೆಣ್ಣುಮಗಳು ತಿಬೊಂಗನ ಕಡೆ ತಿರುಗಿದಳು. "ಅಜ್ಜಾ, ಅವರು ಮುಳುಗಿದ್ದನ್ನ ನೀವು ಕಣ್ಣಾರೆ ಕಂಡ್ರಾ?"

ಮೂವತ್ತೊಂದು ವರ್ಷ ಇದೇ ಪ್ರಶ್ನೆಗೆ ತಿಬೊಂಗ್ ಒಂದೇ ಉತ್ತರ ಕೊಟ್ಟಿದ್ದ: ಕತ್ತಲಲ್ಲಿ ಕಾಣಲಿಲ್ಲ. ಆ ‘ಕಾಣಲಿಲ್ಲ’ ಅನ್ನುವ ಮಾತಿನ ಮೇಲೆಯೇ ಒರೆಂಗಳ ಬದುಕು ನಿಂತಿತ್ತು.

ತಿಬೊಂಗ್ ಟೋಪಿ ತೆಗೆದ. "ಕಂಡೆ" ಅಂದ. "ಹಲಗೆ ಹಿಡಿದಿದ್ದೆ. ಅವಳ ಕೈ ನನ್ನ ಕೈಲಿತ್ತು. ಎಡಗೈ. ಅಲೆ ಬಂತು, ಜಾರಿತು. ಮತ್ತೆ ಮೇಲೆ ಬರಲಿಲ್ಲ."

ಒರೆಂಗ್ ಅವನ ಮುಖ ನೋಡಲಿಲ್ಲ. ಕಟಕಟೆಯ ಅಂಚನ್ನು ಹಿಡಿದ ತನ್ನ ಬೆರಳುಗಳನ್ನೇ ನೋಡುತ್ತಿದ್ದಳು.

"ನೀನೂ ಸುಳ್ಳು ಹೇಳಿದ್ದೆ" ಅಂದಳು.

"ನೀನು ಬದುಕ್ಲಿ ಅಂತ."

"ಎಲ್ಲರೂ ಯಾರಿಗೋ ಒಳ್ಳೇದಾಗ್ಲಿ ಅಂತಲೇ ಹೇಳ್ತಾರಲ್ಲ." ಆಕೆ ಹೆಣ್ಣುಮಗಳ ಕಡೆ ತಿರುಗಿದಳು. "ಬರಕೊಂಡ್ಯಾ? ಕೆಳಗೆ ಇನ್ನೊಂದು ಸಾಲು ಬರಿ. ಸಬಿನಾಗೆ ಮಕ್ಕಳಿಲ್ಲ."

"ಅದಕ್ಕೆ ಇದರಲ್ಲಿ ಜಾಗ ಇಲ್ಲ, ಲೋಲಾ."

"ಅಂಚು ಖಾಲಿ ಇದೆಯಲ್ಲ, ಅಲ್ಲಿ ಬರಿ."

ಹೆಣ್ಣುಮಗಳು ಬಾಗಿಲ ಕಡೆ ಒಮ್ಮೆ ನೋಡಿ, ಅಂಚಿನಲ್ಲಿ ಬರೆದಳು. ಒರೆಂಗ್ ಕಣ್ಣು ಕಿರಿದು ಮಾಡಿ ಎರಡು ಸಲ ಓದಿದಳು. ಆಮೇಲೆ ಸಹಿ ಹಾಕಿದಳು.

ನಕಲು ಲೀಗಿಗೆ ಹೋಯಿತು, ಒಂದು ಪತ್ರಿಕೆಗೂ ಹೋಯಿತು. ಏಪ್ರಿಲ್ ಹೊತ್ತಿಗೆ ಡೆರಿಕ್‌ನನ್ನು ತೆಗೆದುಹಾಕಿದರು, ಹುಡುಗ ವಿಮಾನ ಹತ್ತಿದ. ರಾಮಿಲನ ಒಂದು ಕೂದಲೂ ಕೊಂಕಲಿಲ್ಲ. ಮುಂದಿನ ಸಲ ಇನ್ನೊಂದು ದ್ವೀಪದಲ್ಲಿ ಇನ್ನೊಬ್ಬ ಅಜ್ಜಿಯ ಕೈ ಹಿಡಿದುಕೊಂಡನಂತೆ. ಅವಳು ಸಹಿ ಹಾಕಿದಳಂತೆ. ಬಿನುಕರಾನಿನ ಅಂಗಳಕ್ಕೆ ಸೂರು ಬರಲಿಲ್ಲ. ತಿಂಗಳುಗಟ್ಟಲೆ ಊರಿನವರು ಒರೆಂಗಳ ಬಾಳೆಹಣ್ಣು ಮುಟ್ಟಲಿಲ್ಲ. ಸುಟ್ಟ ಹಂದಿಯನ್ನು ಮಾತ್ರ ಅವತ್ತೇ ಉಗುಳು ಒರೆಸಿ ಎಲುಬಿನವರೆಗೂ ತಿಂದಿದ್ದರು.

ನವೆಂಬರಿನಲ್ಲಿ ಸತ್ತವರ ಹಬ್ಬದ ಸಂಜೆ ತಿಬೊಂಗ್ ಒಂದು ಮೇಣದಬತ್ತಿ ಹಿಡಿದು ಆಕೆಯ ಬಾಣಲೆಯ ಹತ್ತಿರ ಬಂದು ನಿಂತ. ಕಚೇರಿಯಿಂದ ಬಂದ ಮೇಲೆ ಒರೆಂಗ್ ಅವನನ್ನು ಮಾತಾಡಿಸಿರಲಿಲ್ಲ.

"ಗೋರಿ ಇಲ್ಲವಲ್ಲ, ಎಲ್ಲಿ ಹಚ್ಚಲಿ?" ಅಂದ.

ಒರೆಂಗ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಒಲೆಯ ಪಕ್ಕದ ಕಲ್ಲು ತೋರಿಸಿದಳು. "ಇಲ್ಲೇ ಹಚ್ಚು. ನೀನೇ ಹಚ್ಚಬೇಕು, ಕೈ ಬಿಟ್ಟೋನು ನೀನೇ."

ಅವನು ಹಚ್ಚಿದ. ಕಡಲ ಗಾಳಿಗೆ ಕುಡಿ ಮಲಗಿತು. ಒರೆಂಗ್ ಬಾಣಲೆಯ ಮುಚ್ಚಳ ಎತ್ತಿ ಗಾಳಿಗೆ ಅಡ್ಡ ಹಿಡಿದಳು. ಬತ್ತಿ ಪೂರ್ತಿ ಕರಗುವವರೆಗೂ ಹಾಗೇ ಹಿಡಿದಿದ್ದಳು. ಬಾಣಲೆಯ ಹಣ್ಣು ಕರಕಲಾಗಿತ್ತು.